ನಡುಗಡಲಿನ ಬೆಳೆ

ತುರೋರಿಯ ಎರೆಭೂಮಿಯಲ್ಲಿ ಬಾಳುವ ನಮಗೆ ಸಮುದ್ರವೆಂದರೆ ಮುಂಗಾರನ್ನು ಕಳುಹಿಸಿಕೊಡುವ ದೂರದ ನೀರು. ಉಮರ್ಗಾ, ನಿಲಂಗಾ, ಉದಗೀರ ಭಾಗದ ಮಕ್ಕಳಲ್ಲಿ ಬಹಳ ಜನ ಅದನ್ನು ಕಣ್ಣಾರೆ ಕಂಡವರಲ್ಲ. ಆದರೂ ಕನ್ನಡ ಶಾಲೆಗೆ ಹೋಗುವ ನನ್ನ ಮೊಮ್ಮಗಳು ಒಮ್ಮೆ ಕೇಳಿದಳು: “ಮುತ್ಯಾ, ಸಮುದ್ರದ ನಡುವ ಹುಲ್ಲಿಲ್ಲ, ಗಿಡ ಇಲ್ಲ. ಅಲ್ಲಿ ಮೀನ ಏನ ತಿಂತಾವ?” ಇಂತಹ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಸಿಕ್ಕೀತೇ ಎಂದು ಸಂಶಯಪಡುವ ಪಾಲಕರು ನಮ್ಮಲ್ಲಿದ್ದಾರೆ. ಅವರಿಗಾಗಿಯೂ ಈ ಬರಹ.

ದಡದಿಂದ ದೂರದ ಕಡಲು ನೀಲಿಯಾಗಿ, ತಿಳಿಯಾಗಿ ತೋರುವುದಕ್ಕೆ ಅದರ ಬಡತನವೂ ಒಂದು ಕಾರಣ. ಗೊಬ್ಬರ ಕಾಣದ ಹೊಲದಂತೆ ಅಲ್ಲಿ ಪೋಷಕಾಂಶ ಬಹಳ ಕಡಿಮೆ. ಆ ಬಡನೀರಿನಲ್ಲಿಯೂ ಬಿಸಿಲನ್ನು ಅನ್ನವಾಗಿಸುವ ಸೂಕ್ಷ್ಮಜೀವಿಗಳಿವೆ. ಪಠ್ಯಪುಸ್ತಕಗಳು ಇವನ್ನು ನೀಲಿಹಸಿರು ಶೈವಲ ಅಥವಾ ಸಯನೋಬ್ಯಾಕ್ಟೀರಿಯಾ ಎನ್ನುತ್ತವೆ. ಇವುಗಳ ಬಂಧುಗಳು ನಮ್ಮ ನಿಂತ ನೀರಿನ ಹಾವಸೆಯಲ್ಲಿಯೂ ಇವೆ. ಇವನ್ನು ಬಹು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಅವುಗಳಿಗಿಂತ ದೊಡ್ಡವು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆಹಾರವು ಮೀನಿನವರೆಗೆ ತಲುಪುತ್ತದೆ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟು ಸಮುದ್ರದ್ದು; ಅದರಲ್ಲಿ ಈ ಜೀವಿಗಳ ಪಾಲು ದೊಡ್ಡದು.

ಇಷ್ಟು ದೊಡ್ಡ ಬೆಳೆಯು ಬಹುಕಾಲ ಮನುಷ್ಯನ ಕಣ್ಣಿಗೆ ಬಿದ್ದಿರಲಿಲ್ಲ. ತೆರೆದ ಸಾಗರದಲ್ಲೆಲ್ಲ ಸಿನೆಕೊಕಾಕಸ್ ಹರಡಿದೆಯೆಂಬ ಸಂಗತಿ ತಿಳಿದುದು 1979ರಲ್ಲಿ. ಅದಕ್ಕಿಂತ ಚಿಕ್ಕದಾದ ಪ್ರೊಕ್ಲೊರೊಕಾಕಸ್‌ನ ವಿಷಯವನ್ನು ಅಮೆರಿಕದ ವಿಜ್ಞಾನಿ ಸ್ಯಾಲಿ ಚಿಸ್‌ಹೋಮ್ ಮತ್ತು ಅವರ ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ಇಂತಹ ಸಾವಿರದ ಐನೂರು ಕಣಗಳನ್ನು ಸಾಲಾಗಿ ಇಟ್ಟರೂ ಒಂದು ಮಿಲಿಮೀಟರ್ ತುಂಬಲಾರದು. ಆದರೆ ಬೆಚ್ಚನೆಯ ಕಡಲಿನ ಒಂದೇ ಮಿಲಿಲೀಟರ್ ನೀರಿನಲ್ಲಿ ಇವು ಒಂದು ಲಕ್ಷದಷ್ಟು ಇರಬಲ್ಲವು.

ಇವೆಲ್ಲವೂ ಒಂದೇ ಬಗೆಯವೆಂದು ತಿಳಿಯಬಾರದು. ಮಡ್ಡಿ ಹೊಲಕ್ಕೊಂದು, ಎರೆಗೊಂದು ತಳಿಯನ್ನು ನಮ್ಮ ಹಿರಿಯರು ಆರಿಸುತ್ತಿದ್ದಂತೆ ಕಡಲೂ ಆರಿಸಿಕೊಂಡಿದೆ. ಪ್ರಖರ ಬಿಸಿಲಿನ ಮೇಲ್ಪದರಕ್ಕೆ ಕೆಲವು ತಳಿಗಳು. ನೂರು, ನೂರೈವತ್ತು ಮೀಟರ್ ಆಳದ ಮಸುಕು ನೀಲಿ ಬೆಳಕಿಗೆ ಬೇರೆ ತಳಿಗಳು. ಅರಬ್ಬಿ ಸಮುದ್ರದಲ್ಲಿ ಆಮ್ಲಜನಕವೇ ಇಲ್ಲವೆನ್ನಬಹುದಾದ ಆಳದ ಪದರದಲ್ಲಿಯೂ ಇವು ನೆಲೆಸಿವೆ. ಬರ್ಮುಡಾ ದ್ವೀಪದ ಬಳಿಯ ನೀರನ್ನು ಪರೀಕ್ಷಿಸಿದವರು 2014ರಲ್ಲಿ ಅಲ್ಲಿ ನೂರಾರು ಉಪಕುಲಗಳು ಒಟ್ಟಿಗೆ ಬಾಳುತ್ತಿರುವುದನ್ನು ತೋರಿಸಿಕೊಟ್ಟರು.

ಇನ್ನೊಂದು ಬಂಧು ಟ್ರೈಕೊಡೆಸ್ಮಿಯಂ. ಮುಂಗಾರಿಗೆ ಮೊದಲಿನ ಬೇಸಗೆಯಲ್ಲಿ ಮಂಗಳೂರಿನಿಂದ ಗೋವೆಯವರೆಗಿನ ಕಡಲಿನ ಮೇಲೆ ಮರದ ಹೊಟ್ಟು ಚೆಲ್ಲಿದಂತೆ ಕಂದುಬಣ್ಣದ ಪಟ್ಟೆಗಳು ಕಾಣಿಸಿಕೊಳ್ಳುವುದುಂಟು. ಅದು ಇದರದೇ ಗುಂಪು. ಇದು ಗಾಳಿಯ ಸಾರಜನಕವನ್ನು ಹಿಡಿದು ನೀರಿಗೆ ಗೊಬ್ಬರವನ್ನು ಒದಗಿಸುತ್ತದೆ. ತೊಗರಿಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ನಮ್ಮ ಹೊಲಕ್ಕೆ ಮಾಡುವುದೂ ಇದೇ ಉಪಕಾರ. ಮೊಮ್ಮಗಳ ಕೈಯಲ್ಲಿ ಒಂದು ತೊಗರಿ ಸಸಿಯನ್ನು ಕೀಳಿಸಿ, ಗಂಟನ್ನು ಸೀಳಿ ಒಳಗಿನ ಕೆಂಪನ್ನು ತೋರಿಸಿದ ಮೇಲೆ, ಅವಳಿಗೆ ಕಡಲಿನ ಮಾತು ತಾನಾಗಿಯೇ ತಿಳಿಯಿತು.

ಆ ಸಸಿಯ ಎಲೆಯಲ್ಲಿ ಮತ್ತೊಂದು ನಂಟು ಅಡಗಿದೆ. ಪತ್ರಹರಿತ್ತನ್ನು ಹೊತ್ತ ಕಣಾಂಗಗಳು ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಇನ್ನೊಂದು ಜೀವಕೋಶದೊಳಗೆ ಸೇರಿಹೋದ ಸಯನೋಬ್ಯಾಕ್ಟೀರಿಯಾದ ಸಂತತಿ. ನಮ್ಮ ತೊಗರಿ, ಜೋಳಗಳ ಹಸಿರೂ ಅಲ್ಲಿಂದಲೇ ಬಂದುದು.

ಈಗ ಈ ಬೆಳೆಗೂ ಬಿಸಿ ತಟ್ಟುತ್ತಿದೆ. ನೀರಿನ ತಾಪ ಸುಮಾರು 28 ಡಿಗ್ರಿಯನ್ನು ಮೀರಿದರೆ ಪ್ರೊಕ್ಲೊರೊಕಾಕಸ್‌ನ ವೃದ್ಧಿ ಕುಂದುತ್ತದೆಂದು 2025ರ ಅಧ್ಯಯನವೊಂದು ತಿಳಿಸಿದೆ. ಅಂತಹ ಕಡಲಿನಲ್ಲಿ ಮುಂದೆ ಯಾವ ತಳಿ ಉಳಿದೀತು, ಮೀನಿನ ಪಾಲಿಗೆ ಎಷ್ಟು ದಕ್ಕೀತು ಎಂಬುದನ್ನು ಅರಸಬೇಕಾದವರು ಇಂದಿನ ಮಕ್ಕಳು. ಅವರಲ್ಲಿ ನಮ್ಮ ಗಡಿನಾಡಿನವರೂ ಇರಲಿ. ಬೇರುಗಂಟು, ಹಾವಸೆ, ತಳಿ, ಗೊಬ್ಬರ ಎಂಬ ಮಾತುಗಳು ಅವರ ಮನೆಯಲ್ಲಿಯೇ ಇವೆ. ಉಳಿದ ಹೊಸ ಹೆಸರುಗಳನ್ನು ಯಾವ ಮಾಧ್ಯಮದ ಮಗುವಾದರೂ ಹೊಸದಾಗಿಯೇ ಕಲಿಯಬೇಕು. ಈ ಮಳೆಗಾಲದಲ್ಲಿ ಪಾಲಕರು ಮಕ್ಕಳನ್ನು ಒಮ್ಮೆ ಹೊಲಕ್ಕೆ ಕರೆದೊಯ್ದು, ಒಂದು ತೊಗರಿ ಸಸಿಯ ಬೇರನ್ನು ಬಿಡಿಸಿ ತೋರಿಸಲಿ.