ಹೊಗೆ ಹೋದ ಮೇಲೆ

ಬೆಂಕಿ ಹತ್ತಿದ್ದು ಉಗ್ರಾಣದಲ್ಲಿ, ಆರಿದ್ದೂ ಅಲ್ಲೇ. ಮಂಗಳೂರಿನ ಜೂನ್ ಮಳೆಯ ಒಂದು ಸಂಜೆ ಹಳೆಯ ಫ್ರಿಜ್ಜಿನ ವೈರು ಕಾದು, ಪಕ್ಕದಲ್ಲಿದ್ದ ಪಿವಿಸಿ ಪೈಪಿನ ತುಂಡುಗಳೂ ವೈರಿನ ಸುರುಳಿಗಳೂ ಉರಿದವು. ಯಾರೋ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು, ನೆರೆಯವರು ಮರಳು ಸುರಿದರು. ಹಜಾರಕ್ಕೆ ಬೆಂಕಿ ಬರಲಿಲ್ಲ. ಬಂದದ್ದು ಹೊಗೆ.

"ಸದ್ಯ, ಟಿವಿ ಉಳಿಯಿತು" ಎಂದರು ರಾಯರು. ಅದರ ಮೇಲಿನ ಮಸಿಯನ್ನು ಮನೆಯಾಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಕಾಡಿಗೆಯಂತೆ ಹರಡಿತು. ಮರುದಿನ ಎಲೆಕ್ಟ್ರೀಶಿಯನ್ ವೈರಿಂಗ್ ಸರಿಮಾಡಿ ಹೋದದ್ದೇ ತಡ, ಮಗ ಸ್ವಿಚ್ ಒತ್ತಿದ. ಚಿತ್ರ ಬಂತು, ಮಾತೂ ಬಂತು. ಕಂಪ್ಯೂಟರೂ ಎದ್ದು ಕೂತಿತು. ಬೀರುವಿನೊಳಗೆ ಬಟ್ಟೆಯ ಗವಸು ಹೊದ್ದು ಮಲಗಿದ್ದ ಟೇಪ್ ರೆಕಾರ್ಡರಿನ ನೆನಪು ಮಾತ್ರ ಯಾರಿಗೂ ಆಗಲಿಲ್ಲ.

ಹನ್ನೆರಡನೆಯ ದಿನ ಕಂಪ್ಯೂಟರ್ ನಿಂತಿತು. ಮತ್ತೆ ನಾಲ್ಕು ದಿನಕ್ಕೆ ಟಿವಿ. ರಿಪೇರಿಯವ ಬಂದು ಹಿಂಬದಿ ಬಿಚ್ಚಿ ಟಾರ್ಚು ಹಿಡಿದ. ಹುಳಿ ತಾಕಿದ ತಾಮ್ರದ ತಂಬಿಗೆಯಂತೆ ಒಳಗಿನ ತಾಮ್ರದ ಗೆರೆಗಳೆಲ್ಲ ಹಸಿರು ಕಿಲುಬು.

ಹುಳಿಯೇ ಅದು. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ, ತೇವ ಸಿಕ್ಕಿದರೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತೇವಕ್ಕೇನು ಬರ! ಮಸಿಯಾದರೋ ಇಂಗಾಲ, ವಿದ್ಯುತ್ತನ್ನು ಹರಿಯಬಾರದ ಕಡೆಗೂ ಹರಿಸೀತು. ಬೆಂಕಿಯ ಹೊತ್ತಿಗೆ ಚಾಲೂ ಇದ್ದ ಕಂಪ್ಯೂಟರಂತೂ ತನ್ನ ಫ್ಯಾನಿನಿಂದ ಹೊಗೆಯನ್ನು ತಾನೇ ಒಳಗೆಳೆದುಕೊಂಡಿತ್ತು.

ದೊಡ್ಡವರನ್ನೂ ಇದು ಬಿಟ್ಟಿಲ್ಲ. 1975ರ ಫೆಬ್ರವರಿ 27ರಂದು ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂ ಟೆಲಿಫೋನ್ ಎಕ್ಸ್‌ಚೇಂಜಿನ ನೆಲಮಾಳಿಗೆಯಲ್ಲಿ ಕೇಬಲ್‌ಗಳು ಸುಟ್ಟಾಗ, ಜ್ವಾಲೆ ಮುಟ್ಟದ ಮೇಲಂತಸ್ತುಗಳ ಯಂತ್ರಗಳನ್ನೂ ಜನ ಕೈಯಿಂದಲೇ ಉಜ್ಜಿ ಶುಚಿಮಾಡಬೇಕಾಯಿತು.

"ಸ್ವಿಚ್ ಹಾಕುವ ಮೊದಲು ಕರೆಯಬೇಕಿತ್ತು" ಎಂದ ರಿಪೇರಿಯವ. ಡಾಕ್ಟರುಗಳೂ ಹೀಗೇ ಹೇಳುತ್ತಾರೆ, ಕೇಳುವವರಿಗೆ ಸಿಟ್ಟು ಬರುತ್ತದೆ.

ಆಗ ರಾಯರಿಗೆ ಬೀರು ನೆನಪಾಯಿತು. ಅದರಲ್ಲಿ ಒಂದೇ ಒಂದು ಕ್ಯಾಸೆಟ್ಟಿನಲ್ಲಿ ತೀರಿಹೋದ ಅಮ್ಮನ ದನಿ ಇತ್ತು, 1991ರಲ್ಲಿ ತಂಗಿಯ ಮದುವೆಗೆ ಹೇಳಿದ ಹಸೆ ಹಾಡು. ಫೋಟೋಗಳಿದ್ದವು, ದನಿ ಬೇರೆಲ್ಲೂ ಇರಲಿಲ್ಲ. ಈಗಲೇ ಹಾಕಿ ನೋಡಬೇಕೆಂದು ಅವರು ಪ್ಲಗ್ಗಿಗೆ ಕೈಹಾಕಿದರೆ ರಿಪೇರಿಯವ ಕೈಹಿಡಿದ. ಮಸಿ ತಗಲಿದ ಟೇಪು ಓಡಿದರೆ ಗೀಚಿಹೋದೀತು.

ಬೀರುವಿನ ಬಾಗಿಲೂ ಗವಸೂ ಬಹುಪಾಲು ಹೊಗೆಯನ್ನು ತಡೆದಿದ್ದವು. ಹಿಂದಿನ ಪಿನ್ನುಗಳಲ್ಲಷ್ಟೇ ಕಿಲುಬು. ಅವನು ಒಣ ಬ್ರಷ್ಷಿನಿಂದ ಮಸಿ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಪಿನ್ನು, ಹೆಡ್ಡು, ರೋಲರು ಎಲ್ಲ ಒರೆಸಿದ. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ಎರಡೂ ಸುರುಳಿಗಳನ್ನು ಬೇರೊಂದು ಸ್ವಚ್ಛ ಚಿಪ್ಪಿಗೆ ಕೂರಿಸುವಾಗ ರಾಯರು ಉಸಿರು ಬಿಗಿಹಿಡಿದು, ಮಳೆಯ ನೆವದಲ್ಲಿ ಕಿಟಕಿ ಮುಚ್ಚಲು ಎದ್ದುಹೋದರು.

ಅವರು ತಿರುಗಿ ಬರುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು. ಮೊದಲು ಬರೀ ಸುಯ್ಯೆಂಬ ಸದ್ದು, ಆಮೇಲೆ ಬಳೆಗಳ ಸದ್ದು. ನಡುವೆ ಒಂದು ಸಾಲು ಮರೆತು ಅಮ್ಮ ನಕ್ಕದ್ದೂ ಹಾಗೇ ಇತ್ತು.