ಆಯ್ತು ಸಾರ್

ಏಳನೇ ಸೆಮಿಸ್ಟರ್ ಬಂತೆಂದರೆ ನಮ್ಮ ಬಾಯ್ಸ್ ಹಾಸ್ಟೆಲಿನಲ್ಲಿ ಟೈಗಳಿಗೆ ಬರ. ಗಂಟು ಹಾಕಲು ಬರುವವನು ಇಡೀ ಬ್ಲಾಕಿಗೆ ಒಬ್ಬನೇ. ಅವನು ಹಾಕಿಕೊಟ್ಟ ಗಂಟನ್ನು ಬಿಚ್ಚದೆ, ಬರೀ ಸಡಿಲಿಸಿ, ತಲೆಯಿಂದ ತಲೆಗೆ ದಾಟಿಸಿಕೊಂಡು ಹುಡುಗರು ಇಂಟರ್‌ವ್ಯೂ ಮುಗಿಸಿ ಬರುತ್ತಾರೆ. ಎಂಜಿನಿಯರಿಂಗ್ ಕಾಲೇಜಿನ ಕನ್ನಡ ಮೇಷ್ಟ್ರಾದ ನನಗೆ ಇದೆಲ್ಲ ಪುಕ್ಕಟೆ ನಾಟಕ. ನನ್ನ ಪಾಠವೋ ಮೊದಲ ವರ್ಷಕ್ಕೇ ಮುಗಿದುಹೋಗುತ್ತದೆ. ವಾರಕ್ಕೊಂದು ಗಂಟೆ, ಒಂದು ಕ್ರೆಡಿಟ್; ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಹೇಗೂ ಬಿಡುವಾಗಿರುವ ಆಸಾಮಿಯೆಂದು ಪ್ಲೇಸ್‌ಮೆಂಟ್ ಆಫೀಸರು ನನ್ನನ್ನು ಹಿಡಿದು ಅಣಕು ಇಂಟರ್‌ವ್ಯೂ, ಗ್ರೂಪ್ ಡಿಸ್ಕಷನ್ನುಗಳಿಗೆ ಅಂಕ ಹಾಕಲು ಕೂರಿಸುತ್ತಾರೆ.

ಅಂಕ ಹಾಕುವುದು ಸಾಫ್ಟ್ ಸ್ಕಿಲ್ಲಿಗೆ, ಅಂದರೆ ಜನರೊಡನೆ ಒಡನಾಡುವ ಕಲೆಗೆ. ಈ ಮಾತಿನ ತವರು ಅಮೆರಿಕದ ಸೈನ್ಯ. 1972ರಲ್ಲಿ ಅವರು ಇದಕ್ಕೆಂದೇ ಒಂದು ಸಮ್ಮೇಳನ ಸೇರಿಸಿದ್ದರು. ಟ್ಯಾಂಕು ರಿಪೇರಿಯನ್ನು ಹಂತಹಂತವಾಗಿ ಕಲಿಸಬಹುದು, ಟ್ಯಾಂಕಿನೊಳಗೆ ಕೂತವರನ್ನು ಸಂಭಾಳಿಸುವುದನ್ನು ಹೇಗಪ್ಪಾ ಕಲಿಸುವುದು ಎನ್ನುವಂಥ ತಲೆನೋವು ಅವರದು. ಅದೇ ತಲೆನೋವು ಈಗ ಕೋಟು ತೊಟ್ಟು ಬೆಂಗಳೂರಿನಿಂದ ನಮ್ಮ ಸೆಮಿನಾರ್ ಹಾಲಿಗೆ ಬರುತ್ತದೆ. ತರಬೇತುದಾರರು ಕೈ ಕುಲುಕುವುದನ್ನು ಕಲಿಸುತ್ತಾರೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಎನ್ನುತ್ತಾರೆ. ದೊಡ್ಡವರೆದುರು ತಲೆ ತಗ್ಗಿಸಿಯೇ ಬೆಳೆದ ಹುಡುಗಿಯೊಬ್ಬಳು ಈ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಎದುರಿಗಿದ್ದ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು ತಾವೇ ತಲೆ ತಗ್ಗಿಸಿಬಿಟ್ಟರು.

ನಿಮ್ಮ ದೌರ್ಬಲ್ಯವೇನು ಎಂಬ ಪ್ರಶ್ನೆಗೆ ಎಲ್ಲರದೂ ಒಂದೇ ಬಾಯಿಪಾಠ: 'ನಾನು ಪರ್ಫೆಕ್ಷನಿಸ್ಟ್.' ಲ್ಯಾಬ್ ರೆಕಾರ್ಡನ್ನು ಪಕ್ಕದವನಿಂದ ನಕಲು ಮಾಡಿದವನಿಗೂ ಅದೇ ಕಾಯಿಲೆ. ಐದು ವರ್ಷದಲ್ಲಿ ಎಲ್ಲಿರುತ್ತೀರಿ ಎಂದದ್ದಕ್ಕೆ ಒಬ್ಬಳು ಮಾತ್ರ, 'ಮನೇಲಿ ಗಂಡು ನೋಡ್ತಿದಾರೆ ಸಾರ್, ಅದರ ಮೇಲೆ ಹೋಗುತ್ತೆ' ಅಂದಳು. ನಾನು ಪೂರ್ತಿ ಅಂಕ ಕೊಟ್ಟೆ. ಪಕ್ಕದಲ್ಲಿ ಕೂತಿದ್ದ ತರಬೇತುದಾರರು ಅದನ್ನು ಹೊಡೆದುಹಾಕಿದರು.

ತಿಪಟೂರು ಕಡೆಯ ಹುಡುಗನೊಬ್ಬನ ಕತೆ ಇನ್ನೂ ಚೆನ್ನಾಗಿದೆ. ರಜೆಯಲ್ಲಿ ಅಪ್ಪನ ಜೊತೆ ಮಾರುಕಟ್ಟೆಗೆ ಕೊಬ್ಬರಿ ಹಾಕಲು ಹೋಗುವವನು. ದಲ್ಲಾಳಿಯ ಮುಖ ನೋಡಿ, ಇವತ್ತು ಮಾರುವುದೋ ಇನ್ನೊಂದು ವಾರ ತಡೆಯುವುದೋ ಎಂದು ಅಂದಾಜು ಮಾಡಬಲ್ಲ. ಬರಬೇಕಾದ ದುಡ್ಡನ್ನು ಜಗಳವಾಡದೆ ವಸೂಲಿ ಮಾಡಬಲ್ಲ. ಇದನ್ನೆಲ್ಲ ಅವನು ನನಗೆ ಕ್ಯಾಂಟೀನಿನಲ್ಲಿ ನಗಿಸಿ ನಗಿಸಿ ಹೇಳಿದ್ದ. ಗ್ರೂಪ್ ಡಿಸ್ಕಷನ್ನಿನಲ್ಲಿ ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಕೇಳಿದರೆ, 'ಯಾರಾದ್ರೂ ಮಾತು ಮುಗಿಸ್ತಾರೆ ಅಂತ ಕಾಯ್ತಿದ್ದೆ ಸಾರ್. ಯಾರೂ ಮುಗಿಸಲೇ ಇಲ್ಲ.' ನನ್ನ ಹಾಳೆಯಲ್ಲಿ 'ಆಲಿಸುವ ಗುಣ' ಎಂಬ ಕಾಲಮ್ಮೂ ಇತ್ತು. ಅಷ್ಟು ಹೊತ್ತು ಆಲಿಸಿದವನು ಅವನೊಬ್ಬನೇ. ಮಾತಾಡದವನು ಆಲಿಸಿದನೋ ನಿದ್ದೆ ಮಾಡಿದನೋ ಹೇಳುವುದು ಹೇಗೆ ಎಂದು ತರಬೇತುದಾರರು ಅಲ್ಲಿ ಸೊನ್ನೆ ಸುತ್ತಿದರು.

ನಮ್ಮ ಕಾಲ ಚೆನ್ನಾಗಿತ್ತು ಅನ್ನುವುದಕ್ಕೆ ನಾಲಗೆ ತುರಿಸುತ್ತದೆ. ಆಗ ಸಂದರ್ಶನವೆಂದರೆ 'ಯಾವೂರಪ್ಪ, ಯಾರ ಮಗ?' ಅಷ್ಟೇ. ಕೇಳುವವರ ದನಿಯಲ್ಲಿ ಒಂದು ಆಪ್ತತೆಯಿತ್ತು, ಆ ದನಿ ಈಗಲೂ ನೆನಪಾಗುತ್ತದೆ. ಆದರೆ ಆ ಪ್ರಶ್ನೆಯ ಒಳಗೆ ಜಾತಿ ಬೆಚ್ಚಗೆ ಕೂತಿರುತ್ತಿತ್ತು. ಈಗಿನ 'ನಿಮ್ಮ ಬಗ್ಗೆ ಹೇಳಿ' ಎಂಬುದರೊಳಗೆ ಓದಿದ ಶಾಲೆ ಕೂತಿದೆ. ಕಾನ್ವೆಂಟಿನ ಹುಡುಗ ಎರಡು ನಿಮಿಷ ಬಣ್ಣಿಸಿಕೊಳ್ಳುತ್ತಾನೆ. ಕನ್ನಡ ಶಾಲೆಯ ಹುಡುಗ ಹೆಸರು, ಊರು, ಪರ್ಸೆಂಟೇಜು ಹೇಳಿ ನಿಲ್ಲುತ್ತಾನೆ.

ಕೆಲಸಕ್ಕೆ ಒಗ್ಗುವವರು ಎಷ್ಟು ಮಂದಿ ಎಂಬುದಕ್ಕೆ ಲೆಕ್ಕಗಳೂ ಇವೆ. ಭಾರತದ ಎಂಜಿನಿಯರುಗಳಲ್ಲಿ ಬಹುರಾಷ್ಟ್ರೀಯ ಕಂಪನಿಗಳಿಗೆ ಒಗ್ಗುವವರು ನೂರಕ್ಕೆ 25 ಮಂದಿ ಎಂದು 2005ರಲ್ಲಿ ಮೆಕಿನ್ಸಿ ಸಂಸ್ಥೆ ಅಂದಾಜು ಕಟ್ಟಿತ್ತು. ಕೇಂದ್ರದ 2023-24ರ ಆರ್ಥಿಕ ಸಮೀಕ್ಷೆಯಲ್ಲಿ ಉದ್ಯೋಗಾರ್ಹ ಯುವಜನರು ಶೇ 51.25. 51ರ ಮೇಲಿನ ಆ ಕಾಲು ಭಾಗದ ಮನುಷ್ಯ ನಮ್ಮ ಕಾಲೇಜಿನವನೇ ಇರಬೇಕು ಎಂದು ಸ್ಟಾಫ್ ರೂಮಿನಲ್ಲಿ ನಕ್ಕಿದ್ದೇವೆ.

ಸಾಫ್ಟ್ ಸ್ಕಿಲ್ ಬೇಕೆಂಬ ಕಂಪನಿಗಳ ಬೇಡಿಕೆ ಪೂರಾ ಸುಳ್ಳೇನಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಸಿಕ್ಕಿದ್ದ. ಅವನು ಹೇಳುವ ಪ್ರಕಾರ ಇಂಗ್ಲಿಷು ಆರು ತಿಂಗಳಲ್ಲಿ ಹೇಗೋ ನಾಲಗೆಗೆ ಹತ್ತುತ್ತದೆ. ಹತ್ತದಿರುವುದು 'ಆಗಲ್ಲ' ಎಂಬ ಮಾತು. ಶುಕ್ರವಾರದೊಳಗೆ ಆಗುತ್ತಾ ಎಂದು ಅಮೆರಿಕದ ಗಿರಾಕಿ ಕೇಳಿದರೆ ನಮ್ಮ ಹುಡುಗರು ಮರ್ಯಾದೆಗೆ 'ಆಯ್ತು ಸಾರ್' ಅಂದುಬಿಡುತ್ತಾರೆ. ಶುಕ್ರವಾರ ಬರುತ್ತದೆ, ಕೆಲಸ ಆಗಿರುವುದಿಲ್ಲ. ಗೊತ್ತಿಲ್ಲ ಅನ್ನುವುದು, ಅರ್ಥವಾಗಲಿಲ್ಲ ಇನ್ನೊಮ್ಮೆ ಹೇಳಿ ಅನ್ನುವುದು, ಇದು ತಪ್ಪಾಗುತ್ತಿದೆ ಎಂದು ಮೇಲಿನವರಿಗೆ ಹೇಳುವುದು. ಇಷ್ಟು ಬಂದರೆ ಸಾಕಂತೆ. ಟೈ ಕಟ್ಟಲು ಬಾರದಿದ್ದರೂ ನಡೆಯುತ್ತದಂತೆ.

ಬರಬೇಕು ಎಲ್ಲಿಂದ? ಒಂದನೇ ಕ್ಲಾಸಿನಿಂದ 'ಕೈಕಟ್, ಬಾಯ್ಮುಚ್' ಎಂದು ಕೂರಿಸಿದ ಮಕ್ಕಳು ಇವರು. ಕಾಲೇಜಿಗೆ ಬಂದರೆ ನೂರಕ್ಕೆ 50 ಇಂಟರ್ನಲ್ ಅಂಕ ಮೇಷ್ಟ್ರ ಕೈಯಲ್ಲಿ. 'ಈ ಲೆಕ್ಕ ತಪ್ಪಾಗಿದೆ ಸಾರ್' ಎಂದು ಬೋರ್ಡಿನ ಕಡೆ ಬೆರಳು ತೋರಿಸುವ ಧೈರ್ಯ ಯಾರಿಗಿದೆ? ಹದಿನಾರು ವರ್ಷ ಹೊಲಿದ ಬಾಯನ್ನು ಹದಿನೈದು ದಿನದಲ್ಲಿ ಬಿಚ್ಚಿಕೊಡಿ ಎಂದು ತರಬೇತುದಾರರಿಗೆ ದುಡ್ಡು ಕೊಡುತ್ತೇವೆ. ಪಾಪ, ಅವರು ಕೈ ಕುಲುಕುವುದನ್ನಲ್ಲದೆ ಇನ್ನೇನು ಕಲಿಸಿಯಾರು?

ಆದ್ದರಿಂದ ಕ್ಯಾಂಪಸ್ಸಿಗೆ ಬರುವ ಕಂಪನಿಯವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪೈಕಿ ಕನ್ನಡ ಬಲ್ಲವರು ಒಬ್ಬರಾದರೂ ಇರುತ್ತಾರೆ. ಮೊದಲ ಐದು ನಿಮಿಷ ನಮ್ಮ ಹುಡುಗರನ್ನು ಕನ್ನಡದಲ್ಲಿ ಮಾತಾಡಿಸಿ, ಕೊಬ್ಬರಿ ರೇಟು ಕೇಳಿ, ಆಮೇಲೆ ಇಂಗ್ಲಿಷಿಗೆ ಹೋಗಿ. ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು: ತರಗತಿಯಲ್ಲಿ ತಪ್ಪು ತೋರಿಸಿದವನಿಗೆ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಯಬೇಡಿ.