ಪೊಟರೆ ಸಿಕ್ಕರೆ ಮನೆ, ಇಲ್ಲದಿದ್ರೆ ಇಲ್ಲ

ಮೆಲ್ಬರ್ನ್‌ನಿಂದ ಸುಮಾರು ಎರಡು ಗಂಟೆ ಕಾರ್ ಓಡಿಸಿದರೆ ಮೇರಿಸ್‌ವಿಲ್ ಸಿಗುತ್ತೆ. ಅದರಾಚೆಯ ಬೆಟ್ಟಗಳ ತುಂಬಾ ಮೌಂಟನ್ ಆ್ಯಶ್ ಅನ್ನೋ ನೀಲಗಿರಿ ಜಾತಿಯ ಮರಗಳು. ಕತ್ತೆತ್ತಿ ನೋಡಿದ್ರೂ ತುದಿ ಕಾಣಲ್ಲ. ಲೆಡ್‌ಬೀಟರ್ಸ್ ಪಾಸಮ್ ಇರೋದು ಇಲ್ಲೇ. ಕಾಂಗರೂ ಥರಾನೇ ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ ಈ ಪುಟ್ಟ ಪ್ರಾಣಿಯ ಬದುಕೆಲ್ಲ ಮರದ ಮೇಲೆ.

1909ರ ನಂತರ ಇದು ಯಾರ ಕೈಗೂ ಸಿಕ್ಕಿರಲಿಲ್ಲ. ನಾಶವಾಗಿದೆ ಅಂತಲೇ ಎಲ್ಲರೂ ನಂಬಿದ್ದರು. 1961ರಲ್ಲಿ ಎರಿಕ್ ವಿಲ್ಕಿನ್‌ಸನ್ ಮೇರಿಸ್‌ವಿಲ್ ಹತ್ತಿರವೇ ಮತ್ತೆ ಕಂಡರು. ಈಗ ವಿಕ್ಟೋರಿಯಾ ರಾಜ್ಯದ ಲಾಂಛನ ಪ್ರಾಣಿ ಇದೇ.

ಇದನ್ನು ಎಣಿಸುವ ಕ್ರಮಕ್ಕೆ ಸ್ಟ್ಯಾಗ್‌ವಾಚಿಂಗ್ ಅಂತಾರೆ. ಮುಸ್ಸಂಜೆಯಲ್ಲಿ ಪೊಟರೆ ಇರುವ ಹಳೇ ಮರದ ಕೆಳಗೆ ಕೂತು, ಹೊರಗೆ ಬರೋ ಪ್ರಾಣಿಗಳನ್ನು ಲೆಕ್ಕ ಹಾಕೋದು. ನಾನೂ ಒಂದು ಸಂಜೆ ಸ್ವಯಂಸೇವಕನಾಗಿ ಹೋಗಿದ್ದೆ. ಮುಟ್ಟೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಸಿಗುವ ಕೆಲವೇ ಸೆಕೆಂಡಿನಲ್ಲಿ ಮೈಕಟ್ಟು ನೋಡಿಯೇ ಗುರುತಿಸಬೇಕು. ಮೊದಲು ಬಾಲ ನೋಡಿ ಅಂದ್ರು: ಬುಡದಲ್ಲಿ ಸಣ್ಣ, ತುದಿಯಲ್ಲಿ ದಪ್ಪ, ಗದೆಯ ಹಾಗೆ. ಬೆನ್ನ ಮೇಲೆ ಕಪ್ಪು ಪಟ್ಟೆ. ಇದೇ ಕಾಡಿನ ಗ್ಲೈಡರ್‌ಗಳಿಗೆ ಕೈಕಾಲಿನ ನಡುವೆ ತೇಲೋಕೆ ಚರ್ಮದ ಪೊರೆ ಇರುತ್ತೆ, ಇದಕ್ಕಿಲ್ಲ.

ಪೊರೆ ಇಲ್ಲದ್ದೇ ಇದರ ಇಡೀ ಕಥೆ. ತೇಲೋಕೆ ಬಾರದ ಪ್ರಾಣಿ ಕೊಂಬೆಯಿಂದ ಕೊಂಬೆಗೆ ಜಿಗಿದೇ ಹೋಗಬೇಕು. ಹಾಗಾಗಿ ದೊಡ್ಡ ಮರಗಳ ಕೆಳಗೆ ಅಕೇಶಿಯಾ ಒತ್ತೊತ್ತಾಗಿ ಬೆಳೆದಿರಬೇಕು. ಆ ಮರದ ಅಂಟೇ ಇದಕ್ಕೆ ಊಟವೂ ಹೌದು. ಇನ್ನು ಪೊಟರೆಯನ್ನು ತಾನೇ ಕೊರೆಯೋ ಶಕ್ತಿ ಈ ಪುಟ್ಟ ಹಲ್ಲು, ಉಗುರುಗಳಿಗಿಲ್ಲ. ಮರಕ್ಕೆ ವಯಸ್ಸಾಗಿ, ಒಳಗೆ ಕೊಳೆತು, ತಾನಾಗೇ ಟೊಳ್ಳಾಗಬೇಕು. ಅದಕ್ಕೆ ನೂರು ವರ್ಷ ದಾಟಬೇಕು. ಅಂಥ ಒಂದು ಪೊಟರೆಯಲ್ಲಿ ಇಡೀ ಕುಟುಂಬ ತೊಗಟೆಯ ಎಳೆಗಳ ಗೂಡು ಮಾಡಿಕೊಂಡು ಹಗಲೆಲ್ಲ ಮಲಗುತ್ತೆ.

2009ರ ಕಾಳ್ಗಿಚ್ಚು ಇದರ ಕಾಡಿನ ದೊಡ್ಡ ಭಾಗವನ್ನೇ ಸುಟ್ಟಿತು. ಸರ್ಕಾರಿ ಕಾಡಿನಲ್ಲಿ ಮರ ಕಡಿಯೋದು 2024ರಿಂದ ನಿಂತಿದೆ. ಒಳ್ಳೇದೇ. ಆದರೆ ಇಲ್ಲಿನ ಬಹುಪಾಲು ಮರಗಳು 1939ರ ಬೆಂಕಿಯ ನಂತರ ಹುಟ್ಟಿದವು, ಪೊಟರೆಯಾಗೋ ವಯಸ್ಸು ಇನ್ನೂ ಬಂದಿಲ್ಲ. ಅಲ್ಲಿವರೆಗೆ ಅಂತ ಮರಕ್ಕೆ ಪೆಟ್ಟಿಗೆ ಕಟ್ತಾರೆ, ಗರಗಸದಿಂದ ಪೊಟರೆ ಕೊರೀತಾರೆ.

ನನ್ನ ಮರದಿಂದ ಅವತ್ತು ಎರಡು ಹೊರಬಂದವು. ಹಾಳೆಯಲ್ಲಿ ಸಮಯ ಬರೆದು, ಪಕ್ಕದಲ್ಲಿ 2 ಅಂತ ಹಾಕಿದೆ.